ಓಕ್ ದ್ವೀಪಕ್ಕೆ ತೆಂಗಿನ ನಾರು ಹೇಗೆ ಹೋಯಿತು? ತಿಪಟೂರಿನ ಮೇಷ್ಟ್ರಿಗೆ ಉತ್ತರ

ಪ್ರಿಯ ಮೇಷ್ಟ್ರೇ,

ನಮಸ್ಕಾರ. ತಿಪಟೂರಿನಿಂದ ನೀವು ಬರೆದ ನಾಲ್ಕು ಪುಟದ ಕಾಗದ ತಲುಪಿತು. ಎರಡು ಸಲ ಓದಿದೆ. ಕಳೆದ ಸಂಚಿಕೆಯಲ್ಲಿ ನಾವು ಕೆನಡಾದ ಓಕ್ ದ್ವೀಪದ ನಿಧಿ ಬಗ್ಗೆ ಅರ್ಧ ಪುಟ ಬರೆದು, ಕೊನೆಗೆ 'ಅಲ್ಲಿ ಬಹುಶಃ ಏನೂ ಇಲ್ಲ' ಅಂತ ಮುಗಿಸಿದ್ದೆವು. ನೀವು ಅದನ್ನು ಒಪ್ಪಿಲ್ಲ. 'ಇನ್ನೂರು ವರ್ಷ ಜನ ಅಗೆದ ಜಾಗವನ್ನು ಅರ್ಧ ಪುಟದಲ್ಲಿ ತಳ್ಳಿಹಾಕಿದಿರಿ. ತೆಂಗಿನ ಮರವೇ ಇಲ್ಲದ ಊರಿನ ಕಡಲ ದಂಡೆಯಲ್ಲಿ ತೆಂಗಿನ ನಾರು ಸಿಕ್ಕಿತಲ್ಲ, ಅದಕ್ಕೇನು ಹೇಳ್ತೀರಿ? ಆ ಕಲ್ಲಿನ ಬರಹ? ಕಡಲ್ಗಳ್ಳ ಕ್ಯಾಪ್ಟನ್ ಕಿಡ್‌ನ ನಕ್ಷೆ?' ಅಂತ ಕೇಳಿದ್ದೀರಿ. ಟೀವಿಯಲ್ಲಿ ಆ ದ್ವೀಪದ ಕಾರ್ಯಕ್ರಮ ನೋಡುವ ನಿಮ್ಮ ಮೊಮ್ಮಗನಿಗೂ ನಮ್ಮ ಮೇಲೆ ಕೋಪ ಬಂದಿದೆ ಅಂತ ಬರೆದಿದ್ದೀರಿ.

ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಅರ್ಧ ಪುಟ ಸಾಲದು, ಅದು ನಮ್ಮದೇ ತಪ್ಪು. ನಾರಿನ ವಿಷಯ ನಾವು ಎತ್ತಲೇ ಇಲ್ಲ. ಈ ಕತೆಯಲ್ಲಿ ನಿಜಕ್ಕೂ ತಲೆ ಕೆಡಿಸುವುದು ಅದೊಂದೇ. ಹಾಗಾಗಿ ಈ ಸಲ ಉದ್ದಕ್ಕೆ ಬರೆಯುತ್ತೇನೆ.

ನೋವಾ ಸ್ಕೋಷಾ ಪ್ರಾಂತ್ಯದ ಮಹೋನ್ ಕೊಲ್ಲಿಯಲ್ಲಿ ಮುನ್ನೂರಕ್ಕೂ ಜಾಸ್ತಿ ಪುಟ್ಟ ದ್ವೀಪಗಳಿವೆ. ಓಕ್ ದ್ವೀಪ ಅದರಲ್ಲೊಂದು, ಸುಮಾರು 140 ಎಕರೆ. ಕತೆ ಶುರುವಾಗುವುದು 1795ರಲ್ಲಿ. ಮೂವರು ಯುವಕರು ಅಲ್ಲಿ ನೆಲ ತಗ್ಗಾಗಿರುವುದನ್ನು ನೋಡಿದರು, ಅಗೆದರು, ಹತ್ತತ್ತು ಅಡಿಗೊಂದು ಮರದ ದಿಮ್ಮಿಗಳ ಹಾಸು ಸಿಕ್ಕಿತು, ಮೂವತ್ತು ಅಡಿಗೆ ಕೈಬಿಟ್ಟರು ಅನ್ನುತ್ತಾರೆ. ಕೆಲವು ವರ್ಷ ಬಿಟ್ಟು ಒಂದು ಕಂಪನಿ ಕಟ್ಟಿಕೊಂಡು ಬಂದವರು ತೊಂಬತ್ತು ಅಡಿ ಇಳಿದರು. ಅಲ್ಲಿ ಗುರುತು ಕೆತ್ತಿದ ಕಲ್ಲು ಸಿಕ್ಕಿತಂತೆ. ಮಾರನೇ ದಿನ ನೋಡಿದರೆ ಗುಂಡಿಯಲ್ಲಿ ಅರವತ್ತು ಅಡಿ ನೀರು! ಎಷ್ಟು ಮೊಗೆದರೂ ಇಳಿಯಲಿಲ್ಲ. ಅಲ್ಲಿಂದ ಇಲ್ಲಿವರೆಗೆ ಬಂದವರೆಲ್ಲ ಹೆಚ್ಚುಕಡಿಮೆ ಆ ನೀರಿನ ಜೊತೆಗೇ ಗುದ್ದಾಡಿದ್ದಾರೆ.

ನೀವು ಮೇಷ್ಟ್ರು, ಅದಕ್ಕೇ ಕೇಳುತ್ತೇನೆ. ಇದನ್ನು ಕಂಡವರು ಯಾರು, ಬರೆದಿಟ್ಟದ್ದು ಯಾವಾಗ? 1795ರ ಈ ಸಂಗತಿ ಪತ್ರಿಕೆಯಲ್ಲಿ ಅಚ್ಚಾಗಿದ್ದು 1850ರ ದಶಕದ ಕೊನೆಗೆ. ವಿವರವಾಗಿ ಬಂದದ್ದು 1860ರ ದಶಕದಲ್ಲಿ. ಅಂದರೆ ಅರವತ್ತು ವರ್ಷದ ಮೇಲೆ. ಬರೆದವರು ಅಗೆಯುವ ಕಂಪನಿಗಳ ಜೊತೆ ಇದ್ದವರು, ಆ ಕಂಪನಿಗಳು ಊರವರಿಂದ ಷೇರು ಹಣ ಎತ್ತುತ್ತಿದ್ದವು. ಸುಳ್ಳೇ ಹೇಳಿದರು ಅಂತ ನಾನು ಹೇಳುತ್ತಿಲ್ಲ. ಬಾಯಿಂದ ಬಾಯಿಗೆ ಹೋಗುವಾಗ ಕತೆ ಬೆಳೆಯುತ್ತೆ, ಅಲ್ವಾ? ಒಂದು ಹೇಳಿಕೆಯಲ್ಲಿ ದಿಮ್ಮಿ ಮೂವತ್ತು ಅಡಿವರೆಗೆ, ಇನ್ನೊಂದರಲ್ಲಿ ತೊಂಬತ್ತು ಅಡಿವರೆಗೆ. ಇನ್ನೊಂದು ವಿಷಯ. ಅದು ಆಗ ನರಪಿಳ್ಳೆ ಇಲ್ಲದ ಕಾಡು ದ್ವೀಪ ಅಂತ ಜನ ತಿಳಿದುಕೊಂಡಿದ್ದಾರೆ. 1762ರಲ್ಲೇ ಅದನ್ನು ಅಳೆದು, ನಾಲ್ಕು ನಾಲ್ಕು ಎಕರೆಯ 32 ತುಂಡು ಮಾಡಿ ಹಂಚಿದ್ದರು.

ಕಲ್ಲಿನ ಕತೆ ಬೇಗ ಮುಗಿಸುತ್ತೇನೆ. 'ನಲವತ್ತು ಅಡಿ ಕೆಳಗೆ ಇಪ್ಪತ್ತು ಲಕ್ಷ ಪೌಂಡ್ ಹೂತಿದೆ' ಅನ್ನುವುದು ಅದರ ಅರ್ಥವಂತೆ. ಕಲ್ಲು ಒಂದು ಮನೆಯ ಒಲೆಗೂಡಿಗೆ ಸೇರಿತ್ತು. ಆಮೇಲೆ ಹ್ಯಾಲಿಫ್ಯಾಕ್ಸ್ ಊರಿನ ಬುಕ್ ಬೈಂಡಿಂಗ್ ಅಂಗಡಿಗೆ ಹೋಯಿತು. ಅಲ್ಲಿ ಅದರ ಮೇಲೆ ಚರ್ಮ ಬಡಿದು ಬಡಿದು ಮೇಲ್ಮೈ ಸವೆದುಹೋಯಿತಂತೆ, ಕೊನೆಗೆ ಕಲ್ಲೇ ಕಾಣೆಯಾಯಿತು. ಪುಸ್ತಕಗಳಲ್ಲಿ ಕಾಣುವ ಆ ತ್ರಿಕೋನ, ಚುಕ್ಕಿಗಳ ಚಿತ್ರ ಹೊರಗೆ ಬಂದದ್ದು 1949ರಲ್ಲಿ. ಕಲ್ಲಿನ ಫೋಟೋ ಇಲ್ಲ, ಅಚ್ಚು ತೆಗೆದ ಪ್ರತಿ ಇಲ್ಲ. ಬಚ್ಚಿಟ್ಟವನೇ ಇಷ್ಟು ಅಡಿ ಕೆಳಗೆ ಇಷ್ಟು ದುಡ್ಡಿದೆ ಅಂತ ಕೆತ್ತಿ ಇಟ್ಟು ಹೋಗುತ್ತಾನಾ? ನನಗೆ ನಂಬಿಕೆ ಬರುವುದಿಲ್ಲ.

ಈಗ ನಾರು.

1850ರಲ್ಲಿ ಅಗೆಯುವವರು ಗುಂಡಿಯ ನೀರು ಉಪ್ಪಾಗಿದೆ, ಕಡಲಿನ ಏರಿಳಿತದ ಜೊತೆ ಏರಿಳಿಯುತ್ತದೆ ಅಂತ ಗಮನಿಸಿದರು. ಸುಮಾರು 500 ಅಡಿ ದೂರದ ಸ್ಮಿತ್ಸ್ ಕೋವ್ ಅನ್ನುವ ದಂಡೆಗೆ ಹೋಗಿ ಮರಳು ತೆಗೆದರು. ಕೆಳಗೆ ಕಂದು ಬಣ್ಣದ ನಾರಿನ ದಪ್ಪ ಹಾಸು, ಅದರ ಕೆಳಗೆ ಕಡಲ ಹುಲ್ಲು, ಅದರ ಕೆಳಗೆ ಕಲ್ಲು ಜೋಡಿಸಿದ ಕಾಲುವೆಗಳು, ಕೈಬೆರಳು ಚಾಚಿದ ಹಾಗೆ. ಇಲ್ಲಿಂದಲೇ ಸುರಂಗದಲ್ಲಿ ಕಡಲ ನೀರು ಗುಂಡಿಗೆ ಹೋಗುತ್ತದೆ, ನಿಧಿ ಕಾಯಲು ಮಾಡಿದ ಉಪಾಯ ಅದು ಅಂತ ಅವರು ಲೆಕ್ಕ ಹಾಕಿದರು. ನಾರು ತೆಂಗಿನದು ಅಂತ ಆಮೇಲೆ ಪರೀಕ್ಷೆಯಲ್ಲೂ ಖಚಿತವಾಯಿತು. ಇದು ಬಾಯಿಮಾತಲ್ಲ, ಇಪ್ಪತ್ತನೇ ಶತಮಾನದಲ್ಲೂ ಅದೇ ದಂಡೆಯಲ್ಲಿ ನಾರು ಸಿಕ್ಕಿದೆ.

ನಿಮ್ಮ ಕಾಗದದಲ್ಲಿ ನನಗೆ ತುಂಬಾ ಹಿಡಿಸಿದ್ದು ಈ ಭಾಗ. ನಿಮ್ಮ ತಂದೆಯವರು ಕಾಯಿ ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ಆಮೇಲೆ ತೆಗೆದು ಬಡಿದು ನಾರು ಬಿಡಿಸುತ್ತಿದ್ದದ್ದು, ಆ ವಾಸನೆ, ಮನೆಮಂದಿಯೆಲ್ಲ ಜಗಲಿಯಲ್ಲಿ ಕೂತು ಹುರಿ ಹೊಸೆಯುತ್ತಿದ್ದದ್ದು. 'ಆ ಹಗ್ಗ ಬಾವಿಯಲ್ಲಿ ವರ್ಷಗಟ್ಟಲೆ ನೆನೆದರೂ ಕೊಳೆಯುತ್ತಿರಲಿಲ್ಲ' ಅಂತ ಬರೆದಿದ್ದೀರಿ. ಅಲ್ಲೇ ಅರ್ಧ ಉತ್ತರ ಇದೆ. ಬೇರೆ ನಾರು ಉಪ್ಪುನೀರಿನಲ್ಲಿ ಬೇಗ ಲಡ್ಡಾಗುತ್ತದೆ, ತೆಂಗಿನದು ತಡೆಯುತ್ತದೆ. ಅದಕ್ಕೇ ಹಿಂದೂ ಮಹಾಸಾಗರದ ಹಡಗುಗಳ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ಹುರಿಯಿಂದ ಹೊಲಿಯುತ್ತಿದ್ದರು. ಮಾರ್ಕೋ ಪೋಲೋ ಹೋರ್ಮುಜ್‌ನಲ್ಲಿ ಅದನ್ನು ಕಂಡು ಬರೆದಿದ್ದಾನೆ. ಸರಕು ಅಲುಗಾಡದ ಹಾಗೆ ಸಂದಿಗೆ ತುರುಕಲೂ ಹಡಗಿನವರು ಅದನ್ನು ಬಳಸುತ್ತಿದ್ದರು. ದಡ ಸೇರಿ ಸರಕು ಇಳಿಸಿದ ಮೇಲೆ ಅದು ಕಸ, ದಂಡೆಗೆ ಎಸೆದರಾಯಿತು. ಎಸೆದದ್ದನ್ನು ಇನ್ನೊಬ್ಬರು ಜಾಲರಿಯ ಹಾಗೆ ಕಾಲುವೆ ಮೇಲೆ ಹಾಸಿರಬಹುದು, ನೀರು ಇಳಿಯಲಿ, ಮರಳು ನಿಲ್ಲಲಿ ಅಂತ. ಆ ಕಾಲುವೆಗಳು ಮೀನಿಗೆ ಬೇಕಾದ ಉಪ್ಪು ತೆಗೆಯಲು ಮಾಡಿದವು ಅನ್ನುವ ವಾದವೂ ಇದೆ. ಮೀನುಗಾರರೇ ತುಂಬಿದ ಆ ಕರಾವಳಿಗೆ ಅದು ಹೊಂದುತ್ತದೆ.

ಆದರೆ ಇಷ್ಟಕ್ಕೆ ಮುಗಿಯುವುದಿಲ್ಲ. ನಾರಿನ ಕಾರ್ಬನ್ ಪರೀಕ್ಷೆ ಮಾಡಿಸಿದಾಗ ಅದು ಸುಮಾರು ಕ್ರಿ.ಶ. 1200ರಿಂದ 1400ರ ನಡುವಿನದು ಅಂತ ಬಂತು. ಆ ಕಾಲದಲ್ಲಿ ಅಟ್ಲಾಂಟಿಕ್ ದಂಡೆಯಲ್ಲಿ ತೆಂಗೇ ಇರಲಿಲ್ಲ. ವಾಸ್ಕೋ ಡ ಗಾಮ 1498ರಲ್ಲಿ ಕೋಳಿಕ್ಕೋಡಿಗೆ ಬಂದುಹೋದ ಮೇಲೆ ಪೋರ್ಚುಗೀಸರು ನಮ್ಮ ಕಡೆಯ ತೆಂಗನ್ನು ಆಫ್ರಿಕಾದ ಪಶ್ಚಿಮಕ್ಕೆ, ಅಲ್ಲಿಂದ ಕೆರಿಬಿಯನ್‌ಗೆ ಒಯ್ದರು. ಹಾಗಿದ್ದರೆ ಈ ನಾರು ಎಲ್ಲಿಂದ ಬಂತು? ಕಾರ್ಬನ್ ಪರೀಕ್ಷೆ ಹೇಳುವುದು ಕಾಯಿ ಮರದಲ್ಲಿದ್ದ ಕಾಲವನ್ನು, ನಾರನ್ನು ಅಲ್ಲಿ ಹಾಸಿದ ಕಾಲವನ್ನಲ್ಲ. ಆದರೂ ನಡುವೆ ಇಷ್ಟು ಶತಮಾನ ಯಾಕೆ ಅನ್ನುವುದಕ್ಕೆ ಒಪ್ಪುವಂಥ ಉತ್ತರವನ್ನು ಯಾರೂ ಕೊಟ್ಟಿಲ್ಲ. ಇಲ್ಲಿ ನಿಮ್ಮ ಮಾತಿಗೆ ನಾನು ತಲೆಬಾಗುತ್ತೇನೆ. ಒಂದೇ ಒಂದು ಸೇರಿಸುತ್ತೇನೆ. ದಂಡೆಯಲ್ಲಿ ಯಾರೋ ಕೆಲಸ ಮಾಡಿದ್ದರು ಅನ್ನುವುದಕ್ಕೆ ನಾರು ಸಾಕ್ಷಿ. 500 ಅಡಿ ದೂರದ ಗುಂಡಿಯಲ್ಲಿ ಚಿನ್ನ ಇದೆ ಅನ್ನುವುದಕ್ಕೆ ಅಲ್ಲ. ಇವೆರಡನ್ನೂ ಸೇರಿಸಿದ್ದು ಹುಡುಕಿದವರ ಆಸೆ. 1898ರಲ್ಲಿ ಗುಂಡಿಗೆ ಕೆಂಪು ಬಣ್ಣ ಸುರಿದು ನೋಡಿದಾಗ ಬಣ್ಣ ಹೊರಬಂದದ್ದು ದ್ವೀಪದ ದಕ್ಷಿಣ ದಂಡೆಯ ಮೂರು ಕಡೆ, ಸ್ಮಿತ್ಸ್ ಕೋವ್‌ನಲ್ಲಿ ಅಲ್ಲ. 1995ರಲ್ಲಿ ಅಮೆರಿಕದ ವುಡ್ಸ್ ಹೋಲ್ ಅನ್ನುವ ಕಡಲ ಸಂಶೋಧನಾ ಸಂಸ್ಥೆಯವರು ಬಂದು ನೋಡಿ, ನೀರು ತನ್ನಷ್ಟಕ್ಕೆ ನೆಲದೊಳಗಿಂದಲೇ ಬರುತ್ತಿರುವ ಸಾಧ್ಯತೆ ಜಾಸ್ತಿ ಅಂದರು.

ಕಿಡ್ ವಿಷಯಕ್ಕೆ ಬರೋಣ. ನಿಮಗೆ ಗೊತ್ತಾ, ಈ ಮನುಷ್ಯ ನಮ್ಮ ಕಾರವಾರಕ್ಕೆ ಬಂದಿದ್ದ! 1697ರಲ್ಲಿ. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಠಿ ಇತ್ತು. ಅವನ ಹಡಗಿನ ಕೆಲವರು ಕಾರವಾರದಲ್ಲೇ ಇಳಿದು ತಪ್ಪಿಸಿಕೊಂಡರು, ಒಬ್ಬ ಮುಂಬಯಿಗೆ ಹೋಗಿ ಹೇಳಿಕೆ ಕೊಟ್ಟ. 1698ರ ಜನವರಿಯಲ್ಲಿ ಕೊಚ್ಚಿಯ ಕಡೆ ಕ್ವೇಡಾ ಮರ್ಚೆಂಟ್ ಅನ್ನುವ ಹಡಗನ್ನು ಕಿಡ್ ಹಿಡಿದ. ರೇಷ್ಮೆ, ಮಸ್ಲಿನ್, ಚಿನ್ನ, ಬೆಳ್ಳಿ ಎಲ್ಲ ಇತ್ತು. ಅವನ ಹೆಸರು ಕೆಡಿಸಿದ್ದೂ ಈ ಹಡಗೇ. 1699ರಲ್ಲಿ ನ್ಯೂಯಾರ್ಕ್ ಹತ್ತಿರದ ಗಾರ್ಡಿನರ್ಸ್ ದ್ವೀಪದಲ್ಲಿ ಒಂದಿಷ್ಟು ಹೂತದ್ದು ನಿಜ. ಅದನ್ನು ಅದೇ ವರ್ಷ ಅಧಿಕಾರಿಗಳು ತೆಗೆಸಿ ಲೆಕ್ಕ ಬರೆದರು. 1701ರಲ್ಲಿ ಲಂಡನ್ನಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಬಂಧನಕ್ಕೆ ಮುಂಚಿನ ಆ ಕೆಲವು ತಿಂಗಳಲ್ಲಿ, ತಲೆ ಮರೆಸಿಕೊಂಡು ಓಡಾಡುವವನು ನೂರು ಅಡಿ ಗುಂಡಿ ತೋಡಿ, ಕಡಲಿಂದ ಸುರಂಗ ಕೊರೆಸಿದ ಅನ್ನುವುದು ಆಗದ ಮಾತು. ನಕ್ಷೆಯ ಸಂಗತಿ ಹೀಗಿದೆ. ಕಿಡ್‌ನದು ಅನ್ನಲಾದ ನಕ್ಷೆಯೊಂದನ್ನು ಒಂದು ಪುಸ್ತಕದಲ್ಲಿ ನೋಡಿ, ದ್ವೀಪದ ಆಗಿನ ಯಜಮಾನ ಗಿಲ್ಬರ್ಟ್ ಹೆಡನ್ 1930ರ ದಶಕದಲ್ಲಿ ಇಂಗ್ಲೆಂಡಿಗೇ ಹೋಗಿ ಪುಸ್ತಕ ಬರೆದವರನ್ನು ಕಂಡರು. ಅದು ಓಕ್ ದ್ವೀಪದ ನಕ್ಷೆ ಅಲ್ಲ ಅಂತ ಗೊತ್ತಾಗಿ ವಾಪಸು ಬಂದರು.

ಟೆಂಪ್ಲರ್ ಅನ್ನುವ ಮಧ್ಯಯುಗದ ಕ್ರೈಸ್ತ ಯೋಧರ ಪವಿತ್ರ ವಸ್ತುಗಳು, ಫ್ರಾನ್ಸಿನ ರಾಣಿ ಮರಿ ಆಂಟೊನೆಟ್‌ಳ ಒಡವೆ, ಶೇಕ್ಸ್‌ಪಿಯರ್ ನಾಟಕಗಳನ್ನು ಬರೆದದ್ದು ಅದೇ ಕಾಲದ ಚಿಂತಕ ಫ್ರಾನ್ಸಿಸ್ ಬೇಕನ್ ಅಂತ ತೋರಿಸುವ ಹಸ್ತಪ್ರತಿಗಳು, 1762ರಲ್ಲಿ ಹವಾನಾದಲ್ಲಿ ಬ್ರಿಟಿಷರು ದೋಚಿದ ಹಣ. ಇವೆಲ್ಲ ಒಂದು ಖಾಲಿ ಗುಂಡಿಗೆ ಒಬ್ಬೊಬ್ಬರು ತಂದು ತುಂಬಿದ ಹೆಸರುಗಳು. ಒಂದಕ್ಕೂ ನೆಲದಲ್ಲಿ ಗಟ್ಟಿ ಸಾಕ್ಷಿ ಸಿಕ್ಕಿಲ್ಲ.

ನನ್ನ ಮನಸ್ಸಿಗೆ ಒಪ್ಪಿದ್ದು ಬೇರೆ. ಆ ಕಡೆಯ ನೆಲದಡಿ ಸುಣ್ಣಕಲ್ಲು, ಜಿಪ್ಸಮ್ ಜಾತಿಯ ಕಲ್ಲು ಇದೆ. ನೀರಿಗೆ ಕರಗಿ ಒಳಗೆ ಪೊಳ್ಳಾಗುತ್ತದೆ, ಒಂದು ದಿನ ಮೇಲಿನ ಮಣ್ಣು ಕುಸಿಯುತ್ತದೆ. 1878ರಲ್ಲಿ ಅದೇ ದ್ವೀಪದಲ್ಲಿ ಒಬ್ಬ ಹೆಂಗಸು ಎತ್ತು ಕಟ್ಟಿ ಉಳುತ್ತಿದ್ದಾಗ ನೆಲ ಬಾಯಿಬಿಟ್ಟು ಎತ್ತು ಒಳಗೆ ಹೋಯಿತು. 1949ರಲ್ಲಿ ಮಹೋನ್ ಕೊಲ್ಲಿಯ ದಡದಲ್ಲಿ ಬಾವಿ ತೋಡುವವರಿಗೆ ಎರಡು ಅಡಿಗೆ ಕಲ್ಲಿನ ಹಾಸು, ಕೆಳಗೆ ಅಲ್ಲಲ್ಲಿ ಮರದ ದಿಮ್ಮಿ, ಕೆಲವು ಸುಟ್ಟವು, ಸಿಗುತ್ತಾ ಹೋಯಿತು. ಇನ್ನೊಂದು ನಿಧಿ ಗುಂಡಿ ಅಂತ ಗುಲ್ಲೆದ್ದಿತು. ಅದು ಹಳೇ ಕುಸಿತಕ್ಕೆ ಕಾಲಕಾಲಕ್ಕೆ ಮರ ಬಿದ್ದು ತುಂಬಿದ್ದು. 1795ರ ಯುವಕರು ಕಂಡದ್ದೂ ಇಂಥದ್ದೇ ಇದ್ದಿರಬೇಕು ಅಂತ ನನ್ನ ಅನಿಸಿಕೆ.

ಟೀವಿಯವರು 'ಏಳನೆಯವನು ಸತ್ತ ಮೇಲೆ ನಿಧಿ ಸಿಗುತ್ತದೆ' ಅನ್ನುತ್ತಾರಲ್ಲ, ಆ ಮಾತು ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸತ್ತ ಆರು ಜನ ಯಾರು? 1861ರಲ್ಲಿ ಪಂಪಿನ ಬಾಯ್ಲರ್ ಸಿಡಿದು ಒಬ್ಬ. 1897ರಲ್ಲಿ ಹಗ್ಗ ರಾಟೆಯಿಂದ ಜಾರಿ ಗುಂಡಿಗೆ ಬಿದ್ದು ಒಬ್ಬ. ಉಳಿದ ನಾಲ್ವರು ಒಂದೇ ದಿನ, 1965ರ ಆಗಸ್ಟ್ 17ರಂದು. ರಾಬರ್ಟ್ ರೆಸ್ಟಾಲ್ ಮೊದಲು ಮೋಟಾರ್ ಸೈಕಲ್ ಸಾಹಸ ತೋರಿಸುತ್ತಿದ್ದವರು, ನಮ್ಮ ಜಾತ್ರೆಯ ಮೃತ್ಯುಕೂಪದ ಥರದ್ದು, ಕಬ್ಬಿಣದ ಗೋಳದೊಳಗೆ. 1959ರಲ್ಲಿ ಹೆಂಡತಿ ಮಕ್ಕಳ ಜೊತೆ ದ್ವೀಪಕ್ಕೆ ಬಂದು, ಸಣ್ಣ ಗುಡಿಸಲಲ್ಲಿ ಇದ್ದುಕೊಂಡು, ಕೈಯಲ್ಲಿದ್ದದ್ದನ್ನೆಲ್ಲ ಸುರಿದು ಆರು ವರ್ಷ ಅಗೆದರು. ಆ ದಿನ 27 ಅಡಿಯ ಗುಂಡಿಯಲ್ಲಿ ವಿಷಗಾಳಿ ತುಂಬಿತ್ತು. ಅವರು ಒಳಗೆ ಬಿದ್ದರು. ಅಪ್ಪನನ್ನು ಎತ್ತಲು ಮಗ ಇಳಿದ. ಅವನನ್ನು ಎತ್ತಲು ಕಾರ್ಲ್ ಗ್ರೇಸರ್, ಸಿರಿಲ್ ಹಿಲ್ಟ್ಜ್ ಇಳಿದರು. ನಾಲ್ವರೂ ಮೇಲೆ ಬರಲಿಲ್ಲ. ಬಾವಿಗೆ ಇಳಿದವನನ್ನು ಉಳಿಸಲು ಹೋಗಿ ಒಬ್ಬರ ಹಿಂದೆ ಒಬ್ಬರು ಹೋಗುವುದು ನಮ್ಮೂರುಗಳಲ್ಲೂ ಎಷ್ಟು ಸಲ ಆಗಿದೆ, ನೀವೇ ನೋಡಿರಬಹುದು. ಅದಕ್ಕೆ ಶಾಪ ಅಂತ ಹೆಸರಿಡಬಾರದು ಮೇಷ್ಟ್ರೇ. ಗಾಳಿ ಪರೀಕ್ಷೆ ಮಾಡದೆ ಇಳಿದದ್ದು ಅದು. ನಿಮ್ಮ ಮೊಮ್ಮಗನಿಗೆ ಬೇರೇನು ಹೇಳದಿದ್ದರೂ ಇದನ್ನು ಹೇಳಿ.

ಅದೇ ವರ್ಷ ಇನ್ನೊಬ್ಬರು ಬಂದರು, ರಾಬರ್ಟ್ ಡನ್‌ಫೀಲ್ಡ್. ದೊಡ್ಡ ಯಂತ್ರ ಒಯ್ಯಲು ದಡದಿಂದ ದ್ವೀಪಕ್ಕೆ ಮಣ್ಣಿನ ರಸ್ತೆ ಹಾಕಿಸಿದರು, 70 ಟನ್ನಿನ ಕ್ರೇನ್ ತಂದರು, 134 ಅಡಿ ಆಳ, 100 ಅಡಿ ಅಗಲ ಬಗೆದರು. ನಿಧಿ ಸಿಗಲಿಲ್ಲ. ಮೊದಲಿನ ಗುಂಡಿಯ ಗುರುತೂ ಹೋಯಿತು. ಇವತ್ತು ಟೀವಿಯಲ್ಲಿ ಕೊರೆಯುವ ಲಗೀನಾ ಅಣ್ಣತಮ್ಮಂದಿರಿಗೂ 1795ರ ಗುಂಡಿ ಇದ್ದದ್ದು ಸರಿಯಾಗಿ ಎಲ್ಲಿ ಅಂತ ಖಚಿತವಿಲ್ಲ. ಅವರಿಗೆ ಸಿಕ್ಕ ಸೀಸದ ಶಿಲುಬೆ, ಹಳೇ ಸ್ಪೇನಿನ ನಾಣ್ಯ ನೋಡಲು ಚೆನ್ನಾಗಿವೆ. ಮೀನುಗಾರರು, ನಾವಿಕರು ಓಡಾಡಿದ ದಂಡೆಯಲ್ಲಿ ಅಂಥವು ಸಿಗುತ್ತವೆ. ಆದರೆ ಯಾವ ವಸ್ತು ಯಾವ ಮಣ್ಣಿನ ಪದರದಲ್ಲಿತ್ತು ಅಂತ ಓದಬಹುದಾಗಿದ್ದ ಜಾಗವನ್ನು ಕ್ರೇನ್ ಕಲಸಿಹಾಕಿತು. ನನಗೆ ಚಿನ್ನ ಸಿಗಲಿಲ್ಲ ಅನ್ನುವುದಕ್ಕಿಂತ ಈ ನಷ್ಟವೇ ದೊಡ್ಡದು ಅನ್ನಿಸುತ್ತದೆ. ಆ ಗುಂಡಿ ಹೇಗೆ ಆಯಿತು ಅಂತ ತಿಳಿಯುವ ದಾರಿ ಆ ಮಣ್ಣಲ್ಲೇ ಇತ್ತು.

ಹಾಗಾಗಿ 'ಏನೂ ಇಲ್ಲ' ಅಂತ ಬರೆದ ಆ ಸಾಲನ್ನು ತಿದ್ದುತ್ತೇನೆ. ಚಿನ್ನ ಇಲ್ಲ ಅಂತ ನಾನು ಈಗಲೂ ನಂಬುತ್ತೇನೆ. ನಾರು ಇದೆ.

ಮೊಮ್ಮಗನಿಗೆ ಒಂದು ಕೆಲಸ ಕೊಡಿ. ಎರಡು ಡಬ್ಬಿಯಲ್ಲಿ ಗಟ್ಟಿ ಉಪ್ಪುನೀರು ಮಾಡಿ, ಒಂದರಲ್ಲಿ ನಿಮ್ಮ ತೋಟದ ತೆಂಗಿನ ನಾರು, ಇನ್ನೊಂದರಲ್ಲಿ ಬಾಳೆ ನಾರು ಮುಳುಗಿಸಿ ಇಡಲಿ. ತಿಂಗಳಿಗೊಂದು ಸಲ ತೆಗೆದು ಎಳೆದು ನೋಡಿ, ಎಷ್ಟು ಗಟ್ಟಿ ಇದೆ ಅಂತ ತಾರೀಕು ಹಾಕಿ ಬರೆದಿಡಲಿ. ಆರು ತಿಂಗಳ ಮೇಲೆ ಕಳಿಸಲಿ, ಅವನ ಹೆಸರು ಹಾಕಿ ಅಚ್ಚು ಮಾಡುತ್ತೇವೆ. ಈ ಸಲ ಅರ್ಧ ಪುಟ ಅಲ್ಲ, ಪೂರ್ತಿ ಪುಟ.

ನಿಮ್ಮ
ಸಂಪಾದಕ