ಇರುವ ಆಂಡ್ರಾಯ್ಡ್ ಫೋನಿನಲ್ಲೇ, ರೂಟ್ ಮಾಡದೆ (ಅಂದರೆ ಫೋನಿನ ಸಿಸ್ಟಮ್ ಮೇಲೆ ಪೂರ್ತಿ ಹಿಡಿತ ಪಡೆಯದೆ) ಪ್ರೈವಸಿ ಹೆಚ್ಚಿಸಿಕೊಳ್ಳಬಹುದೇ?

ಆಗುತ್ತದೆ, ರೂಟ್ ಬೇಡವೇ ಬೇಡ. ಮೊದಲು ಪರ್ಮಿಷನ್ ನೋಡಿ. ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ರೇಟು ತೋರಿಸುವ ಆ್ಯಪ್ ಇಟ್ಟುಕೊಂಡವರು ಜಾಸ್ತಿ. ಧಾರಣೆ ಹೇಳಲು ಅದಕ್ಕೆ ನಿಮ್ಮ ಕಾಂಟ್ಯಾಕ್ಟ್ಸ್ ಯಾಕೆ ಬೇಕು? ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಡ್ಯಾಶ್‌ಬೋರ್ಡ್ ತೆರೆಯಿರಿ (ಆಂಡ್ರಾಯ್ಡ್ 12ರಿಂದ ಇದೆ). ಕಳೆದ 24 ಗಂಟೆಯಲ್ಲಿ ಯಾವ ಆ್ಯಪ್ ಲೊಕೇಶನ್, ಮೈಕ್, ಕ್ಯಾಮೆರಾ ಮುಟ್ಟಿದೆ ಅಂತ ಗೊತ್ತಾಗುತ್ತದೆ. ಬೇಡದ ಪರ್ಮಿಷನ್ ಅಲ್ಲೇ ತೆಗೆದುಹಾಕಿ. ಹವಾಮಾನದ ಆ್ಯಪ್‌ಗೆ ಅಂದಾಜು ಲೊಕೇಶನ್ ಸಾಕು; ಆಗುಂಬೆಯಲ್ಲಿ ಮಳೆ ಬರುತ್ತದೆ ಅನ್ನಲು ನಿಮ್ಮ ಮನೆಯಂಗಳದ ಗುರುತು ಬೇಕಿಲ್ಲ ಅಲ್ವಾ?

ಗೂಗಲ್ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತು ಐಡಿ (ಜಾಹೀರಾತಿಗಾಗಿ ನಿಮ್ಮ ಫೋನಿಗೆ ಕೊಟ್ಟಿರುವ ಗುರುತು) ಡಿಲೀಟ್ ಮಾಡಿ. ಜಾಹೀರಾತು ನಿಲ್ಲುವುದಿಲ್ಲ, ಹಿಂಬಾಲಿಸುವುದು ಕಮ್ಮಿಯಾಗುತ್ತದೆ. ಫೋನಿನ ಜೊತೆಗೇ ಬಂದು ಸುಮ್ನೆ ಕೂತಿರುವ ಆ್ಯಪ್‌ಗಳನ್ನು ಡಿಸೇಬಲ್ ಮಾಡಿ. ಗೂಗಲ್‌ಗೇ ಏನೂ ತಿಳಿಯಬಾರದು ಅಂದರೆ ಇಷ್ಟು ಸಾಲದು.