ಆನ್‌ಲೈನ್ ಕ್ರೆಡಿಟ್ ಬಗ್ಗೆ ಕೇಳಿದ ತಂಗಿಗೆ

ನೋಡಿ ತಂಗಿ, ನಿಮ್ಮ ಪ್ರಶ್ನೆ ಓದಿದೆ. ಜುಲೈನಲ್ಲಿ ಶಿವಮೊಗ್ಗದಿಂದ ಇಲ್ಲಿಗೆ, ಕೆನಡಾದ ಬ್ರಾಂಪ್ಟನ್‌ಗೆ ಬರುತ್ತಿದ್ದೀರಿ. ಪಿಆರ್, ಅಂದರೆ ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ, ಆಗಿದೆ. ಮಗಳು ಫಸ್ಟ್ ಪಿಯುಸಿ ಮುಗಿಸಿದ್ದಾಳೆ, ಇಲ್ಲಿನ ಇಂಗ್ಲಿಷ್ ಕ್ಲಾಸ್ ಅಂದರೆ ಹೆದರಿಕೆ. ಅದೊಂದನ್ನು ಪ್ರೈವೇಟ್ ಆನ್‌ಲೈನ್ ಸ್ಕೂಲಿನಲ್ಲಿ ಬೇಗ ಮುಗಿಸಿಬಿಟ್ಟರೆ ಕ್ರೆಡಿಟ್ ಸಿಗುತ್ತಾ, ಯೂನಿವರ್ಸಿಟಿಯವರು ಒಪ್ಪುತ್ತಾರಾ ಅಂತ ಕೇಳಿದ್ದೀರಿ. ಜೊತೆಗೆ ಜಾಕೆಟ್, ಕುಕ್ಕರ್.

ಜಾಕೆಟ್ ತರಬೇಡಿ. ಅಲ್ಲಿ ಸಿಗುವುದು ಊಟಿಗೆ ಸಾಕು, ಇಲ್ಲಿಗೆ ಸಾಲದು. ಕುಕ್ಕರ್ ಆಮೇಲೆ ಹೇಳುತ್ತೇನೆ.

ಕ್ರೆಡಿಟ್ ಸಿಗುತ್ತದೆ. ಬ್ರಾಂಪ್ಟನ್ ಇರುವ ಈ ಒಂಟಾರಿಯೊ ಪ್ರಾಂತ್ಯದಲ್ಲಿ ಹೈಸ್ಕೂಲ್ ಡಿಪ್ಲೊಮಾಕ್ಕೆ 30 ಕ್ರೆಡಿಟ್ ಬೇಕು. ಒಂದು ಕ್ರೆಡಿಟ್ ಅಂದರೆ 110 ಗಂಟೆಯ ಪಾಠ. ಅದು ಕ್ಲಾಸಿನಲ್ಲಾದರೂ ಆಗಬಹುದು, ಕಂಪ್ಯೂಟರ್ ಮುಂದೆ ಕೂತಾದರೂ ಆಗಬಹುದು. ಈಗಂತೂ ಎರಡು ಕ್ರೆಡಿಟ್ ಆನ್‌ಲೈನ್‌ನಲ್ಲೇ ಆಗಬೇಕು ಅನ್ನುವ ನಿಯಮವೇ ಇದೆ. ಬೇಡವಾದರೆ ತಂದೆತಾಯಿ ಬರೆದುಕೊಟ್ಟು ಬಿಡಿಸಿಕೊಳ್ಳಬಹುದು. ಬೋರ್ಡಿನವರು, ಅಂದರೆ ಇಲ್ಲಿನ ಸರ್ಕಾರಿ ಸ್ಕೂಲುಗಳನ್ನು ನೋಡಿಕೊಳ್ಳುವವರು, ನಡೆಸುವ ಆನ್‌ಲೈನ್ ಕ್ಲಾಸಿಗೆ ದುಡ್ಡಿಲ್ಲ. ಟಿವಿಓ ಐಎಲ್‌ಸಿ ಅಂತ ಸರ್ಕಾರಿ ಸಂಸ್ಥೆಯೊಂದಿದೆ, ಅಲ್ಲೂ ಮಾಡಬಹುದು. ಪ್ರೈವೇಟ್‌ನವರು ಒಂದೊಂದು ಕೋರ್ಸಿಗೆ ನೂರಾರು ಡಾಲರ್ ತೆಗೆದುಕೊಳ್ಳುತ್ತಾರೆ. ಸೇರುವ ಮೊದಲು ಆ ಸ್ಕೂಲಿಗೆ ಕ್ರೆಡಿಟ್ ಕೊಡುವ ಅಧಿಕಾರ ಇದೆಯಾ ಅಂತ ಶಿಕ್ಷಣ ಇಲಾಖೆಯ ಪಟ್ಟಿಯಲ್ಲಿ ನೋಡಿ. ಪಟ್ಟಿಯಲ್ಲಿಲ್ಲ ಅಂದರೆ ದುಡ್ಡು ಹೋಯಿತು, ಅಷ್ಟೆ.

ಯೂನಿವರ್ಸಿಟಿಗೆ 12ನೇ ತರಗತಿಯ ಆರು ಕೋರ್ಸ್ ಬೇಕು. ಕೋರ್ಸಿನ ಹೆಸರಿನ ಕೊನೆಗೆ 4ಯು ಅಥವಾ 4ಎಂ ಅಂತಿರುತ್ತದೆ. ಅದರಲ್ಲಿ ಇಂಗ್ಲಿಷ್, ಅಂದರೆ ಇಎನ್‌ಜಿ4ಯು, ಇರಲೇಬೇಕು. ಸ್ಕೂಲಿನ ಹೊರಗೆ ಮಾಡಿದ ಕೋರ್ಸನ್ನು ಒಪ್ಪುತ್ತಾರೆ. ಆದರೆ ಯಾಕೆ ಹೊರಗೆ ಮಾಡಿದಿರಿ ಅಂತ ಕೆಲವು ಕಡೆ ಕೇಳುತ್ತಾರೆ. ಉತ್ತರ ಇಟ್ಟುಕೊಂಡಿರಬೇಕು.

ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ.

ನಾವು ಬಂದಿದ್ದು 2012ರ ಜನವರಿ. ಹಾಸನದಲ್ಲಿ ಮಗ ಎಸ್‌ಎಸ್‌ಎಲ್‌ಸಿ ಮುಗಿಸಿ ಅರ್ಧ ಪಿಯುಸಿ ಓದಿದ್ದ. ಫೆಬ್ರವರಿಯಲ್ಲಿ ಎರಡನೇ ಸೆಮಿಸ್ಟರ್ ಶುರುವಾಗುತ್ತದೆ ಅಂತ ಬಂದ ವಾರದಲ್ಲೇ ಓಡಾಡಿದೆವು. ಬೋರ್ಡಿನವರು ಅವನನ್ನು ಕೂರಿಸಿ ಇಂಗ್ಲಿಷ್, ಗಣಿತ ಎರಡನ್ನೂ ನೋಡಿದರು. ಗಣಿತ ಬಹಳ ಚೆನ್ನಾಗಿದೆ ಅಂದರು. ನನಗೆ ಎದೆ ಉಬ್ಬಿತು. ಇಂಗ್ಲಿಷ್‌ಗೆ ಇಎಸ್‌ಎಲ್ ಕ್ಲಾಸಿಗೆ ಹಾಕೋಣ ಅಂದರು, ಅಂದರೆ ಇಂಗ್ಲಿಷ್ ಹೊಸದಾಗಿ ಕಲಿಯುವ ಮಕ್ಕಳ ಕ್ಲಾಸು. ಅಲ್ಲಿ ನನ್ನ ಮುಖ ಇಳಿಯಿತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಡೊನೇಷನ್ ಕೊಟ್ಟು ಓದಿಸಿದ್ದೆ. ನನ್ನ ಮಗ ಇಎಸ್‌ಎಲ್‌ಗಾ? ಬೇಡ, ಮಾಮೂಲಿ 11ನೇ ತರಗತಿ ಇಂಗ್ಲಿಷ್‌ಗೇ ಹಾಕಿ ಅಂತ ಹಟ ಹಿಡಿದೆ. ಅವರು ಎರಡು ಸಲ ಬಿಡಿಸಿ ಹೇಳಿದರು. ಇಎಸ್‌ಎಲ್‌ನ ಮೂರು ಕ್ರೆಡಿಟ್‌ವರೆಗೂ ಕಡ್ಡಾಯ ಇಂಗ್ಲಿಷ್ ಲೆಕ್ಕಕ್ಕೇ ಬರುತ್ತವೆ, ಏನೂ ನಷ್ಟ ಇಲ್ಲ ಅಂತ. ನನ್ನ ಕಿವಿಗೆ ಬೀಳಲಿಲ್ಲ.

ಮಿಡ್‌ಟರ್ಮ್‌ನಲ್ಲಿ ಇಂಗ್ಲಿಷ್‌ಗೆ 58 ಬಂತು. ಆಗ ಯಾರೋ ಒಬ್ಬರು ದಾರಿ ತೋರಿಸಿದರು. ಮಿಡ್‌ಟರ್ಮ್ ಮಾರ್ಕ್ಸ್ ಬಂದ ಐದು ಸ್ಕೂಲ್ ದಿನದೊಳಗೆ ಕೋರ್ಸ್ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಅಂದರೆ ಹೈಸ್ಕೂಲಿನ ಮಾರ್ಕ್ಸ್ ದಾಖಲೆಯಲ್ಲಿ, ಅದರ ಸುಳಿವೂ ಇರುವುದಿಲ್ಲ. ಅದು ನಿಜ, ನೀವೂ ನೆನಪಿಟ್ಟುಕೊಳ್ಳಿ. ತಡವಾದರೆ 11, 12ನೇ ತರಗತಿಯ ಮಾರ್ಕ್ಸ್ ಎಲ್ಲ ಅಲ್ಲಿ ಉಳಿದುಬಿಡುತ್ತದೆ. ನಾನು ನಾಲ್ಕನೇ ದಿನ ಬಿಡಿಸಿದೆ. ಒಂದು ಪ್ರೈವೇಟ್ ಆನ್‌ಲೈನ್ ಸ್ಕೂಲಿಗೆ ದುಡ್ಡು ಕಟ್ಟಿದೆ. ಬಾಡಿಗೆ ಬೇಸ್‌ಮೆಂಟಿನಲ್ಲಿ ಕೂತು ಆರು ವಾರದಲ್ಲಿ ಮುಗಿಸಿದ. 91! ಮುಂದಿನ ವರ್ಷ 12ನೇ ತರಗತಿ ಇಂಗ್ಲಿಷ್ ಕೂಡ ಅಲ್ಲೇ. 93!

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಪ್ರಬಂಧಗಳಲ್ಲಿ ಕೆಲವು ಪ್ಯಾರಾ ನನ್ನವೇ. ರಾತ್ರಿ ವೇರ್‌ಹೌಸ್ ಶಿಫ್ಟ್ ಮುಗಿಸಿ ಬಂದು ಅವನ ಪಕ್ಕ ಕೂರುತ್ತಿದ್ದೆ. ಊರಲ್ಲಿ ಮಕ್ಕಳ ಹೋಂವರ್ಕಿಗೆ ನಾವೆಲ್ಲ ಹೀಗೇ ಅಲ್ವಾ, ಪ್ರಾಜೆಕ್ಟ್ ಚಾರ್ಟ್ ಬರೆದುಕೊಟ್ಟವರೇ ತಾನೇ. ತಪ್ಪು ಅಂತ ಅನಿಸಲೇ ಇಲ್ಲ. ಯೂನಿವರ್ಸಿಟಿಯ ಮೊದಲ ಪ್ರಬಂಧಕ್ಕೆ ಅವನಿಗೆ 51 ಬಂತು. ಹಾಸ್ಟೆಲಿನಲ್ಲಿ ಪಕ್ಕದಲ್ಲಿ ಕೂರಲು ನಾನಿರಲಿಲ್ಲ.

ಮಾರ್ಕ್ಸ್ ಬಿಡಿ, ಅದನ್ನು ಅವನೇ ಸರಿಮಾಡಿಕೊಂಡ. ಈಗ ಎಂಜಿನಿಯರ್, ನನ್ನ ಇಮೇಲ್‌ಗಳನ್ನೂ ತಿದ್ದುತ್ತಾನೆ. ನನ್ನನ್ನು ಚುಚ್ಚುವುದು ಬೇರೆ. ಇಂಗ್ಲಿಷ್ ಬಿಡಿಸಿದ ಮೇಲೆ ಸ್ಕೂಲಿನಲ್ಲಿ ದಿನಾ ಅವನಿಗೆ ಒಂದು ಪೀರಿಯಡ್ ಖಾಲಿ ಬಂತು. ಇಲ್ಲಿ ಅದನ್ನು ಸ್ಪೇರ್ ಅನ್ನುತ್ತಾರೆ. ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದ ಅಂತ ನಾನು ಒಂದು ದಿನವೂ ಕೇಳಲಿಲ್ಲ. ಲೈಬ್ರರಿಯ ಹಿಂದಿನ ಮೇಜಿನಲ್ಲಿ ಒಬ್ಬನೇ ಕೂರುತ್ತಿದ್ದನಂತೆ. ಅಲ್ಲಿ ತಿನ್ನುವ ಹಾಗಿಲ್ಲ, ಆದರೂ ಅವರಮ್ಮ ಕಟ್ಟಿದ ಚಿತ್ರಾನ್ನವನ್ನು ಬ್ಯಾಗಿನೊಳಗೇ ಡಬ್ಬಿ ಇಟ್ಟುಕೊಂಡು ತಿಂದು ಮುಗಿಸುತ್ತಿದ್ದ. ಕೆಫೆಟೇರಿಯಾಗೆ ಯಾರ ಜೊತೆ ಹೋಗಬೇಕು? ಗಣಿತದ ಕ್ಲಾಸಿನಲ್ಲಿ ಯಾರೂ ಮಾತಾಡುವುದಿಲ್ಲ. ಮಾತಾಡುವ ಕ್ಲಾಸು ಇಂಗ್ಲಿಷ್ ಒಂದೇ. ಅದನ್ನೇ ನಾನು ಕಿತ್ತುಕೊಂಡಿದ್ದೆ. ಅದೇ ಹೊತ್ತಿಗೆ ಮೇಲಿನ ಮಹಡಿಯ ಇಎಸ್‌ಎಲ್ ಕ್ಲಾಸಿನಲ್ಲಿ ಅವನ ಹಾಗೇ ಆಗಷ್ಟೇ ವಿಮಾನ ಇಳಿದ ಮಕ್ಕಳು ತಪ್ಪು ತಪ್ಪು ಇಂಗ್ಲಿಷ್ ಆಡಿಕೊಂಡು ನಗುತ್ತಿದ್ದರು.

ಇದೆಲ್ಲ ಅವನು ಹೇಳಿದ್ದು ಎಂಟು ವರ್ಷ ಆದ ಮೇಲೆ, ಮನೆ ಬದಲಾಯಿಸುವಾಗ. ಅವನ ಸ್ಕೂಲಿನ ಇಯರ್‌ಬುಕ್, ಅಂದರೆ ಆ ವರ್ಷದ ಫೋಟೋ ಪುಸ್ತಕ, ಕೈಗೆ ಸಿಕ್ಕಿತು. ಕೊನೆಯ ಪುಟಗಳಲ್ಲಿ ಗೆಳೆಯರು ಸಹಿ ಹಾಕಿ ಏನಾದರೂ ಬರೆಯುವುದು ವಾಡಿಕೆ. ಅವನದರಲ್ಲಿ ಎರಡು ಸಹಿ ಇತ್ತು. ಒಂದು ಲೈಬ್ರರಿಯಮ್ಮನದು.

ಹಾಗಾಗಿ ನಿಮ್ಮ ಮಗಳ ವಿಷಯ. ಫಸ್ಟ್ ಪಿಯುಸಿ ಪೂರ್ತಿ ಆಗಿದೆ ಅಂದರೆ ಸಾಮಾನ್ಯವಾಗಿ 12ಕ್ಕೆ ಹಾಕುತ್ತಾರೆ. ಊರಿನ ಓದಿಗೆ ಎಷ್ಟು ಕ್ರೆಡಿಟ್ ಅಂತ ಪ್ರಿನ್ಸಿಪಾಲರು ತೀರ್ಮಾನಿಸುತ್ತಾರೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಮಾರ್ಕ್ಸ್‌ಕಾರ್ಡ್, ಟಿಸಿ, ಲಸಿಕೆ ಕಾರ್ಡ್ ಎಲ್ಲ ಕೈಚೀಲದಲ್ಲೇ ಇಟ್ಟುಕೊಳ್ಳಿ. ಆನ್‌ಲೈನ್‌ನಲ್ಲಿ ಏನಾದರೂ ಮಾಡಿಸಲೇಬೇಕು ಅಂದರೆ ಗಣಿತವನ್ನೋ ಅಕೌಂಟಿಂಗನ್ನೋ ಮಾಡಿಸಿ, ನಮ್ಮ ಮಕ್ಕಳಿಗೆ ಅದು ನೀರು ಕುಡಿದ ಹಾಗೆ. ಇಂಗ್ಲಿಷನ್ನು ಮಾತ್ರ ಕ್ಲಾಸಿನಲ್ಲೇ ಕೂತು ಕಲಿಯಲಿ. ಇಎಸ್‌ಎಲ್ ಅಂದರೆ ಇಎಸ್‌ಎಲ್. ಅದಕ್ಕೆ ಒಂದು ವರ್ಷ ಜಾಸ್ತಿ ಹಿಡಿದರೂ ಹಿಡಿಯಲಿ. ನಮ್ಮ ಕಡೆ 'ಒಂದು ವರ್ಷ ವೇಸ್ಟ್ ಆಯ್ತು' ಅಂತಾರಲ್ಲ, ಇಲ್ಲಿ ಆ ಮಾತಿಲ್ಲ. ನಾಲ್ಕು ವರ್ಷದ ಹೈಸ್ಕೂಲಿನಲ್ಲಿ ಇಲ್ಲೇ ಹುಟ್ಟಿದ ಮಕ್ಕಳೂ ಐದನೇ ವರ್ಷ ಓದುತ್ತಾರೆ. ಊರಿನವರು ಕೇಳಿದರೆ ಏನು ಹೇಳುವುದು ಅಂತೀರಾ? ಶಿವಮೊಗ್ಗದವರಿಗೆ ಇಎಸ್‌ಎಲ್ ಅಂದರೆ ಏನು ಗೊತ್ತು, ಸುಮ್ನೆ ಇಂಗ್ಲಿಷ್ ಅನ್ನಿ.

ಇನ್ನೂ 40 ಗಂಟೆ ಸಮಾಜಸೇವೆ, ಸಾಕ್ಷರತೆಯ ಪರೀಕ್ಷೆ ಅಂತೆಲ್ಲ ಇದೆ. ಸ್ಕೂಲಿನಲ್ಲಿ ಮಕ್ಕಳಿಗೆ ಸಲಹೆ ಕೊಡುವ ಗೈಡೆನ್ಸ್‌ನವರು ಹೇಳುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ.

ಕುಕ್ಕರ್ ತನ್ನಿ. ಐದು ಲೀಟರಿನದು ಸಾಕು, ಗ್ಯಾಸ್ಕೆಟ್ ಮಾತ್ರ ಎರಡು ಜಾಸ್ತಿ ಇರಲಿ. ಸೆಪ್ಟೆಂಬರಿನಲ್ಲಿ ಸ್ಕೂಲ್ ಶುರುವಾದ ಮೇಲೆ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಮನೆಗೆ ಬನ್ನಿ. ಮಗನೂ ಇರುತ್ತಾನೆ. ಆ ಲೈಬ್ರರಿ ಮೇಜಿನ ವಿಷಯ ನಾನು ಹೇಳಿದೆ ಅಂತ ಅವನ ಮುಂದೆ ಎತ್ತಬೇಡಿ.