ಗುರುತು ಉಳಿಸದ ಕೊಲೆ, ದಾಖಲಾಗದ ಕಳವು

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ: ‘ಸುಲಿದು, ಬೇಯಿಸಿ, ಒಣಗಿಸಿ ಗೋದಾಮಿನಲ್ಲಿಟ್ಟಿದ್ದ ಅಡಿಕೆ ಮೂಟೆಗಳು ರಾತ್ರೋರಾತ್ರಿ ಕಳುವಾದವು. ಠಾಣೆಯಲ್ಲಿ ಎಫ್‌ಐಆರ್ ಮಾಡಲಿಲ್ಲ. ಅರ್ಜಿ ಬರೆಸಿಕೊಂಡು ಒಂದು ಹಿಂಬರಹ ಕೊಟ್ಟು ಕಳಿಸಿದರು. ಈಗ ದಾವಣಗೆರೆಯ ವಕೀಲರು ಎಸ್‌ಪಿಯವರಿಗೆ ಇಂಗ್ಲಿಷಿನಲ್ಲಿ ದೂರು ಸಿದ್ಧಮಾಡಿದ್ದಾರೆ. ಠಾಣೆಯವರು ಪ್ರಕರಣವನ್ನು “ಬರ್ಕ್” ಮಾಡಿದ್ದಾರೆ ಎಂದು ಅದರಲ್ಲಿದೆ. ಎಂಬಿಬಿಎಸ್ ಓದುತ್ತಿರುವ ಮಗಳು ನೋಡಿ, “ಅಪ್ಪಾ, ಇದು ಕೊಲೆ ಮಾಡುವ ಒಂದು ವಿಧಾನ” ಅಂದಳು. ನಾನು ಸಹಿ ಹಾಕಲೋ ಬೇಡವೋ?’

ಮಾನ್ಯರೇ,

ನಿಮ್ಮ ಮಗಳು ಹೇಳಿದ್ದು ನಿಜ. ವಕೀಲರು ಬರೆದದ್ದೂ ಸರಿ. ಎರಡೂ ಹುಟ್ಟಿದ್ದು ಒಂದೇ ಮನುಷ್ಯನ ಹೆಸರಿನಿಂದ, ವಿಲಿಯಂ ಬರ್ಕ್. (ರಾಜಕೀಯ ಚಿಂತಕ ಎಡ್ಮಂಡ್ ಬರ್ಕ್‌ಗೂ ಇದಕ್ಕೂ ಸಂಬಂಧವಿಲ್ಲ.)

ಸ್ಕಾಟ್ಲೆಂಡಿನ ಎಡಿನ್‌ಬರೊ ಆಗ ವೈದ್ಯಶಿಕ್ಷಣಕ್ಕೆ ಹೆಸರುವಾಸಿ. ಅಂಗರಚನಾಶಾಸ್ತ್ರ ಕಲಿಸಲು ಶವಗಳು ಬೇಕು, ಕಾನೂನಿನ ದಾರಿಯಲ್ಲಿ ಸಿಗುವಷ್ಟು ಸಾಲುತ್ತಿರಲಿಲ್ಲ. 1827ರ ಕೊನೆಯಲ್ಲಿ ವಿಲಿಯಂ ಹೇರ್ ಎಂಬವನ ಬಾಡಿಗೆ ಮನೆಯಲ್ಲಿದ್ದ ಮುದುಕನೊಬ್ಬ 4 ಪೌಂಡ್ ಬಾಕಿ ಉಳಿಸಿ, ಕಾಯಿಲೆಯಿಂದ ತೀರಿಕೊಂಡ. ಹೇರ್ ಮತ್ತು ಬರ್ಕ್ ಸೇರಿ ಆ ಹೆಣವನ್ನು ಡಾಕ್ಟರ್ ರಾಬರ್ಟ್ ನಾಕ್ಸ್ ಅವರ ಶಾಲೆಗೆ ಏಳೂವರೆ ಪೌಂಡಿಗೆ ಮಾರಿದರು. ದುಡ್ಡಿನ ರುಚಿ ಹತ್ತಿತು. ಮುಂದಿನ ವರ್ಷ ಇಬ್ಬರೂ ಸೇರಿ 16 ಜನರನ್ನು ಕೊಂದರು. ಹೆಚ್ಚಿನವರು ಕೇಳುವವರಿಲ್ಲದ ಬಡವರು.

ಕೊಂದ ರೀತಿಯೇ ‘ಬರ್ಕ್’ ಎಂಬ ಕ್ರಿಯಾಪದದ ಜೀವಾಳ. ಮೊದಲು ಹೆಂಡ ಕುಡಿಸುವುದು. ಮೈಮೇಲೆ ಎಚ್ಚರ ತಪ್ಪಿದ ಮೇಲೆ ಒಬ್ಬ ಎದೆಯ ಮೇಲೆ ಭಾರ ಹಾಕಿ ಅದುಮುವುದು, ಇನ್ನೊಬ್ಬ ಮೂಗು ಬಾಯಿ ಮುಚ್ಚುವುದು. ರಕ್ತವಿಲ್ಲ, ಗಾಯವಿಲ್ಲ, ಕತ್ತಿನ ಮೇಲೆ ಬೆರಳಿನ ಗುರುತೂ ಇಲ್ಲ. ಕೊನೆಗೆ ಸಿಕ್ಕಿಬಿದ್ದಾಗಲೂ, ಇದು ಕೊಲೆಯೇ ಎಂದು ವೈದ್ಯರಿಗೆ ಖಡಾಖಂಡಿತವಾಗಿ ಹೇಳಲಾಗಲಿಲ್ಲ. ಹಾಗಾಗಿ ಹೇರ್‌ನನ್ನು ಮಾಫಿ ಸಾಕ್ಷಿ ಮಾಡಿಕೊಳ್ಳಬೇಕಾಯಿತು. ಅವನು ಬಚಾವಾದ. 1829ರ ಜನವರಿ 28ರಂದು ಬರ್ಕ್‌ಗೆ ಗಲ್ಲಾಯಿತು. ಅವನ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ಕೊಯ್ದರು. ಅಸ್ಥಿಪಂಜರ ಈಗಲೂ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿದೆ. 1832ರಲ್ಲಿ ವೈದ್ಯಶಿಕ್ಷಣಕ್ಕೆ ಶವ ಒದಗಿಸುವ ಬಗ್ಗೆ ಕಾನೂನೇ ಬಂತು.

ಅಷ್ಟರಲ್ಲಿ ಹೆಸರು ಕ್ರಿಯಾಪದವಾಗಿತ್ತು. ಮೊದಲು ‘ಗುರುತು ಉಳಿಯದಂತೆ ಉಸಿರುಗಟ್ಟಿಸಿ ಕೊಲ್ಲು’ ಎಂಬ ಅರ್ಥ. ನಿಮ್ಮ ಮಗಳ ನ್ಯಾಯವೈದ್ಯಶಾಸ್ತ್ರದ ಪುಸ್ತಕದಲ್ಲಿ ಇರುವುದು ಇದೇ. ಆಮೇಲೆ ವಿಚಾರಣೆಯನ್ನೋ ಚರ್ಚೆಯನ್ನೋ ಸದ್ದಿಲ್ಲದೆ ಮುಗಿಸಿಬಿಡುವುದಕ್ಕೂ ಅದೇ ಮಾತು ಬಳಕೆಗೆ ಬಂತು. ಇವತ್ತು ನಮ್ಮ ದೇಶದ ಪೊಲೀಸ್ ಮತ್ತು ಕೋರ್ಟಿನ ಇಂಗ್ಲಿಷಿನಲ್ಲಿ ‘ಬರ್ಕಿಂಗ್’ ಎಂದರೆ ದೂರು ಬಂದರೂ ಕೇಸು ದಾಖಲಿಸದೇ ಇರುವುದು. ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರ ನವೆಂಬರ್ 12ರಂದು ಕೊಟ್ಟ ತೀರ್ಪಿನಲ್ಲೇ ಈ ಪದವಿದೆ. ಕಳವಿನಂಥ ಸಂಜ್ಞೇಯ ಅಪರಾಧದ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ) ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು ಎಂದದ್ದೂ ಆ ತೀರ್ಪೇ.

ಕನ್ನಡದಲ್ಲಿ ನಾವು ‘ಕೇಸು ಮುಚ್ಚಿಹಾಕಿದರು’ ಅನ್ನುತ್ತೇವೆ. ಆದರೆ ಮುಚ್ಚಿಹಾಕಲು ಮೊದಲು ಕೇಸು ಅಂತ ಒಂದು ಇರಬೇಕಲ್ಲ! ನಿಮ್ಮದು ಹುಟ್ಟಲೇ ಇಲ್ಲ. ‘ಉಸಿರೆತ್ತದಂತೆ ಮಾಡಿದರು’ ಅಂದರೆ ಹತ್ತಿರವಾದೀತು. ನಿಮ್ಮ ಕೈಯಲ್ಲಿರುವ ಹಿಂಬರಹವನ್ನೇ ಇನ್ನೊಮ್ಮೆ ತೆಗೆದು ನೋಡಿ. ಸೀಲು ಇದೆ, ತಾರೀಖು ಇದೆ, ಸಹಿ ಇದೆ, ಎಫ್‌ಐಆರ್ ಆದಾಗ ಬೀಳುವ ಕ್ರೈಂ ನಂಬರ್ ಮಾತ್ರ ಇರಲಾರದು. ಆ ನಂಬರ್ ಇಲ್ಲದೆ ಜಿಲ್ಲೆಯ ಅಪರಾಧದ ಲೆಕ್ಕದಲ್ಲಿ ನಿಮ್ಮ ಕಳವು ಆಗಿಯೇ ಇಲ್ಲ. ತನಿಖೆ ಮಾಡಬೇಕಾದ ಹೊಣೆ ಯಾರ ಮೇಲೂ ಬೀಳುವುದಿಲ್ಲ. ವರ್ಷವಿಡೀ ತೋಟಕ್ಕೆ ನೀರು ಕಟ್ಟಿದವನ ದುಡಿಮೆ ಹೀಗೆ ಒಂದು ಚೀಟಿಯಲ್ಲಿ ಮುಗಿದುಹೋಗುವುದು ಅನ್ಯಾಯ. ಅದಕ್ಕೆ ಇಷ್ಟು ಕಟುವಾದ ಪದ ಬೇಕೇ ಬೇಕು ಎಂದು ನನಗನ್ನಿಸುತ್ತದೆ.

ಇನ್ನು ಸಹಿಯ ಮಾತು. ಧೈರ್ಯವಾಗಿ ಹಾಕಿ, ಯಾರ ಮೇಲೂ ಕೊಲೆ ಆರೋಪ ಬರುವುದಿಲ್ಲ. ಆದರೆ ಆ ಒಂದು ಪದವನ್ನೇ ನೆಚ್ಚಿಕೊಂಡು ಕೂರಬೇಡಿ. ಯಾವ ದಿನ ಎಷ್ಟು ಹೊತ್ತಿಗೆ ಠಾಣೆಗೆ ಹೋದಿರಿ, ಯಾರ ಕೈಗೆ ಅರ್ಜಿ ಕೊಟ್ಟಿರಿ, ಎಷ್ಟು ಮೂಟೆ, ಏನು ಬೆಲೆ, ಗೋದಾಮಿನ ಬೀಗ ಒಡೆದಿತ್ತೇ, ಎಲ್ಲವನ್ನೂ ಕನ್ನಡದಲ್ಲೇ ಬಿಡಿಸಿ ಬರೆದು ಹಿಂಬರಹದ ಜೆರಾಕ್ಸ್ ಲಗತ್ತಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಠಾಣೆಯವರು ದಾಖಲಿಸದಿದ್ದರೆ ವಿಷಯವನ್ನು ಬರೆದು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಸ್ಪೀಡ್ ಪೋಸ್ಟಿನ ರಸೀದಿಯನ್ನು ಜೋಪಾನ ಮಾಡಿ, ಮ್ಯಾಜಿಸ್ಟ್ರೇಟರ ಬಳಿ ಹೋಗುವಾಗ ಅದು ಬೇಕಾಗುತ್ತದೆ. ಎಫ್‌ಐಆರ್ ಆದ ಮೇಲೆ ಅದರ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ.

— ಸಂಪಾದಕ